ಅರ್ಥಿಂಗ್ ಜೋಡಿಸಿ ಹೋದವರು ಯಾರು?

ವೈರು ತೆಳ್ಳಗಿರಬಹುದಿತ್ತು. ಕ್ಲ್ಯಾಂಪು ಸಡಿಲವಾಗಿ ಒಂದೇ ವಾರಕ್ಕೆ ಕಳಚಬಹುದಿತ್ತು. ಪೈಪಿನ ತುಕ್ಕು ಉಜ್ಜದೆ ಹಾಗೇ ಬಿಗಿದಿರಬಹುದಿತ್ತು. ಇಲಿ ಕಡಿದಿರಬಹುದಿತ್ತು. ತಾಮ್ರದ ಆಸೆಗೆ ಯಾರಾದರೂ ಕತ್ತರಿಸಿಕೊಂಡು ಹೋಗಿರಬಹುದಿತ್ತು. ಕೆಲಸ ಮಾಡುತ್ತಿದ್ದವನ ತಲೆಯ ಮೇಲೇ ಸಿಡಿಲು ಬೀಳಬಹುದಿತ್ತು. ಆಗಬಹುದಾದ ಕೆಡುಕುಗಳ ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಆ ಪಟ್ಟಿಯಲ್ಲಿ ದೆವ್ವ, ಪವಾಡಗಳಿಗೆ ಎಂದೂ ಜಾಗವಿರಲಿಲ್ಲ. ಅಂಥ ಕಥೆ ಹೇಳುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ. ಈಗ ನಾನೇ ಒಂದು ಹೇಳಬೇಕಾಗಿದೆ. ನಗುವವರು ನಗಲಿ.

ನಾನು ಸಂಭಾಜಿನಗರದವನು, ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುತ್ತೇನೆ. ಹವ್ಯಾಸ ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸು ಪಡೆದು ಮನೆಯಿಂದಲೇ ದೂರದವರೊಡನೆ ಮಾತಾಡುವುದು. ಇದನ್ನು ಕಲಿಸಿದವರು ಇಲ್ಲಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆ ದೂರದ ನಾಸಿಕ್‌ನ ಶಿವಶರಣಪ್ಪನವರು. ಮೂಲ ಬೀದರ್ ಕಡೆಯವರು, ವಿಮಾ ಕಚೇರಿಯಿಂದ ನಿವೃತ್ತರು. ದಿನಾ ಸಂಜೆ ಆರಕ್ಕೆ ರೇಡಿಯೋದಲ್ಲಿ ನಮ್ಮಿಬ್ಬರ ಮಾತು.

ಅವರ ಮನೆಯಲ್ಲಿ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎರಡು ಇದ್ದವು. ಮನೆಯ ಕರೆಂಟಿಗೆ ನೆಲದಲ್ಲಿ ಹೂತ ಕಬ್ಬಿಣದ ಪೈಪು ಒಂದು. ರೇಡಿಯೋಗೆಂದೇ ಹಿತ್ತಲಲ್ಲಿ ಅವರು ಹೊಡೆಸಿದ ತಾಮ್ರದ ರಾಡು ಇನ್ನೊಂದು. ಎರಡನ್ನೂ ದಪ್ಪ ವೈರಿನಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಒಂದರಿಂದ ಇನ್ನೊಂದಕ್ಕೆ ಹಾಯುವ ಕರೆಂಟು ರೇಡಿಯೋದೊಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ. ರೇಡಿಯೋ ಹಿಡಿದು ಕೂತವನ ಗತಿ ಹೇಳಬೇಕಿಲ್ಲ. ಶಿವಶರಣಪ್ಪನವರು ಕೇಳುವವರಲ್ಲ. ಮನೆಯ ಫ್ರಿಜ್ಜು, ಮಿಕ್ಸರುಗಳ ಗದ್ದಲ ತಮ್ಮ ರಾಡಿಗೆ ಅಂಟುತ್ತದೆಂದು ಅದನ್ನು ಮಡಿಯಲ್ಲಿಟ್ಟಿದ್ದರು.

"ಅಣ್ಣಾರ, ಮಳಿಗಾಲ ಬಂತು, ಜೋಡಿಸ್ರಿ" ಎಂದರೆ, "ನಿಮಗ ಅಷ್ಟು ಅಂಜಿಕಿ ಇದ್ರ ನೀವೇ ಬಂದು ಜೋಡಿಸಿ ಹೋಗ್ರಿ, ನಾ ಏನು ಬ್ಯಾಡ ಅನಲ್ಲ" ಎಂದು ನಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ, ಹೋಗಿಯೇ ಬಿಡೋಣ ಎಂದು ವೈರು, ಕ್ಲ್ಯಾಂಪು, ಟೇಪು, ನಟ್ಟು ಬಿಗಿಯುವ ಪಾನಾ ಎಲ್ಲ ಚೀಲಕ್ಕೆ ತುಂಬಿಕೊಂಡು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಪಶ್ಚಿಮಕ್ಕೆ ಮೋಡ ಕವಿದಿತ್ತು. ನಾನು ರಾಡು ಹಿಡಿದು ಕೂತಾಗಲೇ ಸಿಡಿಲು ಬಡಿದರೆ? ನಾಸಿಕ್ ಬಸ್ಸು ಬಂತು, ಕಂಡಕ್ಟರು ಕೂಗಿದ, ಬಸ್ಸು ಹೋಯಿತು. ನಾನು ಆಟೋ ಹಿಡಿದು ಮನೆಗೆ ಬಂದೆ.

"ಇಷ್ಟು ಲಗೂ ನಾಸಿಕ್ ಮುಗೀತೇನ್ರಿ?" ಎಂದಳು ಹೆಂಡತಿ ಸುನಂದಾ. ಮುಖ ತೋರಿಸಲಾಗದೆ ಮಲಗಿಬಿಟ್ಟೆ. ಎಚ್ಚರವಾದಾಗ ಸಂಜೆ. ನಾಚಿಕೆಗೆ ಮೂರು ದಿನ ರೇಡಿಯೋ ಕೂಡ ಹಚ್ಚಲಿಲ್ಲ.

ಬುಧವಾರ ಸಂಜೆ ಶಿವಶರಣಪ್ಪನವರ ಫೋನು ಬಂತು. "ಗ್ವಾಡಿ ಆಚಿ ಬೇವಿನ ಗಿಡಕ್ಕ ಸಿಡ್ಲು ಬಿತ್ರಿ! ಬಾಜೂ ಮನಿ ಟೀವಿ, ಫ್ರಿಜ್ಜು ಎಲ್ಲಾ ಸುಟ್ಟಾವ. ಮೂರು ದಿನದಿಂದ ನೀವು ಸಿಗವಲ್ರಿ ಅಂತ ನಾ ಮೈಕ್ ಹಿಡಕೊಂಡು ನಿಮಗೇ ಕರೀಲಾಕತ್ತಿದ್ದೆ. ರವಿವಾರ ನೀವು ಬಂದು ಜೋಡಿಸಿ ಹೋಗಿದ್ದಕ್ಕ ಉಳ್ಕೊಂಡೆ ನೋಡ್ರಿ."

ಕುಚೇಷ್ಟೆ ಎಂದುಕೊಂಡೆ. ನಾನು ಬಂದೇ ಇಲ್ಲ ಎಂದೆ. ಅವರ ಹೆಂಡತಿ ನೀಲಮ್ಮ ವೈನಿ ಫೋನು ಕಸಿದುಕೊಂಡರು.

"ಅಯ್ಯ, ಹಂಗ್ಯಾಕ ಅಂತೀರಿ? ಎರಡಕ್ಕ ಬಂದ್ರಿ, ಹಿತ್ತಲ್ದಾಗ ಕುಂತು ಕೆಲಸ ಮಾಡಿದ್ರಿ. ಊಟಕ್ಕ ಕುಂದ್ರಿ ಅಂದ್ರ ಬ್ಯಾಡಂತ ಕೈಸನ್ನಿ ಮಾಡಿ ಹೋದ್ರಿ. ಒಂದು ಮಾತಿಲ್ಲ, ಕತಿಯಿಲ್ಲ. ಮನ್ಯಾಗ ಜಗಳಾಡಿ ಬಂದೀರೇನೋ ಅಂತ ನಾನೂ ಕೆದಕಲಿಲ್ಲ."

ವೈನಿ ತಮಾಷೆ ಮಾಡುವವರಲ್ಲ. ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಸುನಂದಾ, "ಅವತ್ತು ಇವರ ಗೊರಕಿ ಓಣಿಗೆಲ್ಲಾ ಕೇಳ್ಸ್ಯಾದ್ರಿ ವೈನಿ. ಸಾಕ್ಷಿ ಬೇಕಾದ್ರ ನಾ ಬರ್ತೀನಿ" ಎಂದು ಫೋನಿನತ್ತ ಕೂಗಿದಳು.

ಮುಂದಿನ ಭಾನುವಾರ ಅದೇ ಚೀಲ ಹಿಡಿದು, ಈ ಸಲ ನಿಜವಾಗಿಯೂ ಹೋದೆ. ಬೇವಿನ ಮರ ನಡುವೆ ಸೀಳಿ ನಿಂತಿತ್ತು. ಹಿತ್ತಲಲ್ಲಿ ಮಂಡಿಯೂರಿ ಕೂತು ನೋಡಿದೆ. ದಪ್ಪ ವೈರು, ಫಳಫಳ ಉಜ್ಜಿದ ಪೈಪು, ಕೈಯಲ್ಲಿ ಎಳೆದರೂ ಅಲುಗದ ಕ್ಲ್ಯಾಂಪು. ನಾನು ಎಡಚ. ಟೇಪನ್ನು ಎಲ್ಲರೂ ಸುತ್ತುವುದರ ವಿರುದ್ಧ ದಿಕ್ಕಿಗೆ ಸುತ್ತುತ್ತೇನೆ. ಇಲ್ಲಿಯೂ ಹಾಗೇ ಸುತ್ತಿತ್ತು.

ನನ್ನನ್ನೇ ಹೋಲುವ ಯಾರೋ ಎಡಚ ಎಲೆಕ್ಟ್ರಿಷಿಯನ್ ಮನೆ ತಪ್ಪಿ ಬಂದು, ಪುಕ್ಕಟೆ ಕೆಲಸ ಮಾಡಿ, ಊಟವನ್ನೂ ಬಿಟ್ಟು ಹೋದ ಎಂದು ನನಗೆ ನಾನೇ ಹೇಳಿ ನೋಡಿದ್ದೇನೆ. ನಿದ್ದೆಯಲ್ಲಿ ನಡೆಯುವವರಿದ್ದಾರೆ, ನಿಜ. ಆದರೆ ನಿದ್ದೆಯಲ್ಲಿ ಎಸ್‌ಟಿ ಬಸ್ಸು ಹತ್ತಿ, ಹಿಂದೆ ಗೊರಕೆಯನ್ನು ಮನೆಯಲ್ಲೇ ಬಿಟ್ಟು ಹೋದವರ ಸುದ್ದಿ ಕೇಳಿಲ್ಲ. ಹೋಗಲು ಹೆದರಿದವನು ನಾನು. ಹೋದವನು ಯಾರೆಂದು ಇವತ್ತಿಗೂ ತಿಳಿದಿಲ್ಲ.

ಅವನ ಕೆಲಸದಲ್ಲಿ ಕೊರತೆಯಿದ್ದದ್ದು ಒಂದೇ. ನಟ್ಟಿನ ಕೆಳಗೆ ವಾಷರ್ ಇರಲಿಲ್ಲ. ನಾನಾದರೂ ಒಂದು ಹಾಕೋಣವೆಂದು ಚೀಲ ಬಿಚ್ಚಿ ಕೈಯಾಡಿಸಿದೆ. ವೈರಿನ ಸುರುಳಿ ಕಟ್ಟಿದ ಹಾಗೇ ಇತ್ತು, ಟೇಪಿನ ಪ್ಲಾಸ್ಟಿಕ್ ಹರಿದಿರಲಿಲ್ಲ. ವಾಷರ್ ಇರಲಿಲ್ಲ. ತುಂಬಿಕೊಳ್ಳುವಾಗ ನಾನೂ ಮರೆತಿದ್ದೆ.