ತವರಿಗೆ ಹೊರಟ ಪಂಚಮಿ ಉಂಡಿ

ನನ್ನ ರಕ್ತದಲ್ಲಿ ಕೂತು ಯಾರೋ ನನಗಿಂತ ಮೊದಲು ಊಟ ಮಾಡುತ್ತಿದ್ದಾರೆ ಎಂಬ ಸುದ್ದಿ ನನಗೆ ತಿಳಿದದ್ದು ತೆಲುಗಿನಲ್ಲಿ. ಬ್ಲಡ್ ಕ್ಯಾನ್ಸರ್. ಗಂಡನ ನೌಕರಿಗಾಗಿ ವಿಜಯಪುರ ಬಿಟ್ಟು ತೆಲುಗು ನಾಡಿನ ಉಪ್ಪಲ್‌ಗೆ ಬಂದಿದ್ದ ನನ್ನ ತೆಲುಗು ಆಗ ತರಕಾರಿ ಸಂತೆಯ ಮಟ್ಟದ್ದು. ನಮ್ಮ ಪುಂಡಿಪಲ್ಯವನ್ನು ಗೋಂಗೂರ ಎಂದು ಕೇಳಿ ಕೊಳ್ಳುವಷ್ಟು ಬರುತ್ತಿತ್ತು, ಅಷ್ಟೇ. ಡಾಕ್ಟರಮ್ಮ 'ನೆತ್ತುರು' ಎಂದದ್ದನ್ನು ಮಾತ್ರ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅದು ಅಲ್ಲೂ ಇಲ್ಲೂ ಒಂದೇ.

ಕೀಮೋ ಶುರುವಾದ ಮೇಲೆ ನಾಲಿಗೆಯ ರುಚಿ ಸತ್ತಿತು, ಸೀರೆ ಸೊಂಟದಲ್ಲಿ ನಿಲ್ಲದಾಯಿತು. ತೂಕ ಇನ್ನೂ ಇಳಿದರೆ ಮುಂದಿನ ಸುತ್ತನ್ನು ಮುಂದೂಡಬೇಕಾದೀತು ಎಂದು ಡಾಕ್ಟರಮ್ಮ ಎಚ್ಚರಿಸಿದರು. ಅಂಥ ಹೊತ್ತಿನಲ್ಲಿ ನಾಗರ ಪಂಚಮಿಗೆ ಅಣ್ಣ ಬಂದ. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದನೆಂದರೆ ತವರಿಂದ ಡಬ್ಬಿ ತುಂಬ ಬೆಲ್ಲದ ಉಂಡಿ ಬಂದವೆಂದೇ ಅರ್ಥ. ಈ ಸಲ ಡಬ್ಬಿಯಲ್ಲಿ ಬರೀ ಒಣಗಿಸಿದ ಕಟಕ ರೊಟ್ಟಿ.

"ಉಂಡಿ ಎಲ್ಲಿ, ಅಣ್ಣಾ?"

"ಬೆಲ್ಲ ತಿಂದ್ರ ಆ ರೋಗ ಬೆಳೀತೈತಂತ, ತಂಗೀ. ಮೊಬೈಲ್‌ನಾಗ ನೋಡೀನಿ. ಉಪವಾಸ ಕೆಡವಿದ್ರ ತಾನ ಸಾಯ್ತೈತಿ."

ಮೈಯೆಲ್ಲ ಉರಿಯಿತು. ಮರುದಿನ ತಪಾಸಣೆಗೆ ಅವನನ್ನೂ ಎಳೆದುಕೊಂಡೇ ಹೋದೆ.

ಡಾಕ್ಟರಮ್ಮ ಅವನಿಗಾಗಿ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಈ ಕೆಟ್ಟ ಕಣಗಳು ಸಕ್ಕರೆಯನ್ನು ಗಬಗಬ ನುಂಗಿ ಬೆಳೆಯುವುದು ನಿಜ. ಆದರೆ ಅದು ಸಾಲದೇ ಹೋದರೆ ಕೊಬ್ಬಿಗೋ ಪ್ರೋಟೀನಿನ ಚೂರುಗಳಿಗೋ ಹೊರಳಿ ಬದುಕಿಕೊಳ್ಳುತ್ತವೆ. ಬೆಲ್ಲ ಬಿಟ್ಟರೂ ದೇಹ ತನ್ನ ಸ್ನಾಯುವನ್ನೇ ಕರಗಿಸಿ ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಸೊರಗುವುದು ನಿಮ್ಮ ತಂಗಿ. ಸಕ್ಕರೆ ಕಾಯಿಲೆಯಂತೂ ಇವರಿಗಿಲ್ಲ, ಸೇರಿದ್ದನ್ನು ಮನೆಯಲ್ಲೇ ಶುಚಿಯಾಗಿ ಮಾಡಿ ತಿನ್ನಲಿ. ಆಮೇಲೆ ನನ್ನತ್ತ ತಿರುಗಿ, "ಮೀರು ತಿನಂಡಿ, ಅಮ್ಮಾ" ಎಂದರು. ನೀವು ತಿನ್ನಿರಿ ಅಂತ.

ಒಂದು ಊಟ ತಪ್ಪಿದರೆ ಇನ್ನೊಂದಕ್ಕೆ ಒಗ್ಗಿಕೊಳ್ಳುವ ವಿದ್ಯೆ ಆ ಕಣಗಳಿಗಷ್ಟೇ ಗೊತ್ತೇ? ಹೊತ್ತುಹೊತ್ತಿಗೆ ಜೋಳದ ರೊಟ್ಟಿ ತಿಂದು ಬೆಳೆದ ನಾನು ಇಲ್ಲಿ ಅನ್ನ ಉಂಡು ಬದುಕಿದ್ದೇನೆ. ಅವಕ್ಕೆ ಹೆದರಿ ನನ್ನ ಪಂಚಮಿ ಬಿಡುವವಳಲ್ಲ.

ದಾರಿಯಲ್ಲಿ ಅಣ್ಣನಿಂದಲೇ ಬೆಲ್ಲ, ಶೇಂಗಾ, ಎಳ್ಳು ಕೊಡಿಸಿಕೊಂಡೆ. ಅವನು ಹುರಿದು ಕುಟ್ಟಿದ, ನಾನು ಕೂತಲ್ಲೇ ಉಂಡಿ ಕಟ್ಟಿದೆ. ಕೆಲವು ಸೊಟ್ಟಗಾದವು. ಮೊದಲನೆಯದನ್ನು ಅವನ ಮುಂದೆಯೇ ತಿಂದೆ. ರುಚಿ ಅರ್ಧವೇ ತಿಳಿಯಿತು, ಆದರೂ ಬಿಡಲಿಲ್ಲ.

"ಇನ್ನೊಂದ ತಿನ್ನವಾ," ಎಂದು ಅಣ್ಣ ಮುಖ ಆಚೆ ತಿರುಗಿಸಿದ.

ಅವನು ಹೊರಟಾಗ ಅದೇ ಡಬ್ಬಿಗೆ ಉಂಡಿ ತುಂಬಿದೆ. ಉಂಡಿ ಕಳಿಸುವ ಮನೆಯೇ ತವರು ಎಂದು ನಂಬಿದ್ದವಳು ನಾನು. ಈಗ ಉಂಡಿ ಇಲ್ಲಿಂದ ಅಲ್ಲಿಗೆ ಹೊರಟಿದ್ದವು. ಮುಚ್ಚಳ ಬಿಗಿದು ಡಬ್ಬಿಯನ್ನು ಅವನ ಕೈಗಿಟ್ಟೆ.

"ಅವ್ವಗ ಕೊಡು," ಎಂದೆ. "ಬರೋ ಪಂಚಮಿಗೆ ಮಾತ್ರ ನೀನ ತರಬೇಕು. ತಿನ್ನಾಕ ನಾ ಇರ್ತೀನಿ."