ಬೇಸ್‌ಬಾಲ್ ಮ್ಯಾನೇಜರ್ ಹೂಪ್ರಸಾದ ಕೇಳಿದ್ದು

ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮದು ಎರಡನೇ ಮಹಡಿಯ ರೆಂಟ್ ಮನೆ. ದೇವರ ಮನೆ ಎಂದು ಬೇರೆ ಇರಲಿಲ್ಲ. ಹಾಲ್‌ನಲ್ಲಿ ಹೊದಿಕೆ, ಟವೆಲ್ ಇಡಲು ಮಾಡಿದ್ದ ಒಂದು ಕಪಾಟಿತ್ತು. ಅದರ ನಡುವಿನ ಹಲಗೆಯ ಮೇಲೆ ಅಮ್ಮನನ್ನು ಕೂರಿಸಿದ್ದೆ. ಗೇಣುದ್ದದ ಹಿತ್ತಾಳೆಯ ದೇವಿ ವಿಗ್ರಹ, ನನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು. ಊದುಬತ್ತಿ ಹಚ್ಚಿದರೆ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತಿತ್ತು. ಹಾಗಾಗಿ ಬಾಲ್ಕನಿಯಲ್ಲಿ ಹಚ್ಚಿ, ಹೊಗೆ ಸ್ವಲ್ಪ ಇಳಿದ ಮೇಲೆ ಒಳಗೆ ತರುತ್ತಿದ್ದೆ. ಪರದೇಶದಲ್ಲಿ ಅಷ್ಟಾದರೂ ಜಾಗ ಸಿಕ್ಕಿತಲ್ಲ ಎಂದು ದಿನವೂ ಕೈ ಮುಗಿಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳ ಮಾತು ಇದು. ಇಂಟರ್‌ನೆಟ್ ಫೋನ್ ಲೈನಿನಲ್ಲೇ ಬರುತ್ತಿತ್ತು. ಅದು ಓಡುತ್ತಿದ್ದಾಗ ಊರಿನಿಂದ ಯಾರು ಫೋನ್ ಮಾಡಿದರೂ ಎಂಗೇಜ್.

ನನ್ನ ಯಜಮಾನರು ಬಂದದ್ದು ಐಟಿ ಕೆಲಸಕ್ಕೆ. ಆ ಕಂಪನಿ ವರ್ಷ ತುಂಬುವುದರೊಳಗೆ ಬಾಗಿಲು ಹಾಕಿತು. ವಾಪಸ್ ಹೋಗುವುದೇ ಎಂದು ಸೂಟ್‌ಕೇಸ್ ಕೆಳಗಿಳಿಸಿದ್ದಾಗ ಒಂದು ಬೇಸ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಆಟದ ಸ್ಕೋರುಗಳನ್ನು ಕಂಪ್ಯೂಟರಿಗೆ ಹಾಕುವುದು, ಕ್ಲಬ್ಬಿನ ವೆಬ್‌ಸೈಟ್ ನೋಡಿಕೊಳ್ಳುವುದು. ಕೆಲಸ ಕೊಟ್ಟವರು ಅಲ್ಲಿನ ಮ್ಯಾನೇಜರ್. ಅರವತ್ತು ದಾಟಿದ, ಕೆಂಪು ಮುಖದ, ದೊಡ್ಡ ಕೈಗಳ ಮನುಷ್ಯ. ಆಟ ಹೇಳಿಕೊಡುವ ಕೋಚ್ ಬೇರೆ. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವವರು ಇವರು.

ನಮ್ಮ ಪಿಆರ್, ಅಂದರೆ ಈ ದೇಶದಲ್ಲಿ ಕಾಯಂ ಉಳಿಯುವ ಪರವಾನಗಿ, ಕೂಡ ಅವರ ಕೈಯಲ್ಲೇ ಇತ್ತು. ಕ್ಲಬ್ ಸ್ಪಾನ್ಸರ್ ಮಾಡುತ್ತದೆ ಎಂಬ ಕಾಗದಕ್ಕೆ ಅವರು ಸಹಿ ಹಾಕಬೇಕಿತ್ತು. ಅದು ಅವರ ಟೇಬಲ್ ಮೇಲೆ ಎರಡು ತಿಂಗಳು ಹಾಗೇ ಬಿದ್ದಿತ್ತು. ಕೆಟ್ಟತನಕ್ಕಲ್ಲ, ಅವರೇ ಇಲ್ಲಿ ಉಳಿಯುವುದು ನಿಶ್ಚಯವಿರಲಿಲ್ಲ. ಮೆಲ್ಬರ್ನ್‌ನ ಕ್ಲಬ್ಬೊಂದು ಅವರನ್ನು ಕರೆಯುತ್ತಿತ್ತು. ಹೋದರೆ ನನ್ನ ಯಜಮಾನರನ್ನೂ ಕರೆದುಕೊಂಡು ಹೋಗಿ, ಅಲ್ಲಿ ಮೊದಲ ವಾರವೇ ಸಹಿ ಹಾಕಿಕೊಡುವುದಾಗಿ ಮಾತು ಕೊಟ್ಟಿದ್ದರು. ಇಲ್ಲೇ ಉಳಿದರೆ ಕ್ಲಬ್ಬು ಸೊರಗುತ್ತಿರುವುದರಿಂದ ಯಜಮಾನರ ಕೆಲಸ ಮುಂದಿನ ವರ್ಷಕ್ಕೆ ಇರುವುದು ಅನುಮಾನ ಎಂದೂ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅವರು ಹೋಗುವುದೇ ನಮಗೆ ಬೇಕಾಗಿತ್ತು.

ವೆಬ್‌ಸೈಟಿನಲ್ಲಿ ಅಭಿಮಾನಿಗಳು ಬರೆಯಲು ಒಂದು ಪುಟವಿತ್ತು. ಕೆಟ್ಟ ಮಾತುಗಳನ್ನು ತೆಗೆದುಹಾಕುವುದು ಯಜಮಾನರ ಕೆಲಸ. ಬೆಳಿಗ್ಗೆ ತಿಂಡಿ ತಿನ್ನುತ್ತಾ ಅವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ಬೇಸಿಗೆಯಲ್ಲಿ ಅಲ್ಲಿ ಬೇರೆ ಮಾತೇ ಇರಲಿಲ್ಲ. ಮ್ಯಾನೇಜರ್ ಹೋಗುತ್ತಾರೋ ಇಲ್ಲವೋ, ಹೋದರೆ ಆ ಕುರ್ಚಿಗೆ ಯಾರು. ಕೋಚ್ ಎಂದು ಕೆಲವರು. ಟೈರ್ ಅಂಗಡಿ ಇಟ್ಟುಕೊಂಡಿರುವ ಹಳೆಯ ಆಟಗಾರ ಎಂದು ಕೆಲವರು. ಒಬ್ಬ, ಸ್ಕೋರ್ ಬರೆಯುವ ಇಂಡಿಯನ್ನಿಗೇ ಕೊಟ್ಟುಬಿಡಿ, ಅವನೊಬ್ಬನೇ ಆಫೀಸಿಗೆ ಹೊತ್ತಿಗೆ ಸರಿಯಾಗಿ ಬರುವವನು ಎಂದು ಚುಚ್ಚಿದ್ದ. ಯಜಮಾನರು ಅದನ್ನು ಎರಡು ಸಲ ಓದಿದರು.

"ಕೊಟ್ರೆ ತಗೋತೀರಾ?" ಎಂದೆ.

"ನಂಗೆ ಬ್ಯಾಟ್ ಹಿಡಿಯೋಕೇ ಬರಲ್ವಲ್ಲೇ."

"ಮ್ಯಾನೇಜರ್‌ಗೆ ಬ್ಯಾಟ್ ಯಾಕ್ರೀ? ಪೆನ್ ಹಿಡಿದ್ರೆ ಸಾಕು. ಅದನ್ನೇ ತಾನೇ ಇವ್ರು ಹಿಡೀತಿಲ್ಲ."

ಆ ಗುಂಪಿನಲ್ಲಿ ಹೆಸರಿಲ್ಲದ ಒಬ್ಬರು ಬರೆಯುತ್ತಿದ್ದರು. ಹೆಸರಿನ ಜಾಗದಲ್ಲಿ ಬರೀ 'ಗೆಸ್ಟ್'. ವಾದಕ್ಕಿಳಿಯುತ್ತಿರಲಿಲ್ಲ, ಯಾರನ್ನೂ ಬಯ್ಯುತ್ತಿರಲಿಲ್ಲ. ಅಪರೂಪಕ್ಕೆ ಒಂದು ಸಾಲು. ನಾಳೆ ಆಟ ನಡೆಯುವುದಿಲ್ಲ ಎಂದು ಒಮ್ಮೆ ಬರೆದಿದ್ದರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮರುದಿನ ನೆಲದಡಿಯ ನೀರಿನ ಪೈಪು ಒಡೆದು ಮೈದಾನವೆಲ್ಲ ಕೆಸರಾಗಿ ಆಟ ನಿಂತಿತು. ಈ ವಾರ ಮ್ಯಾನೇಜರ್ ಕಾರು ಪಾರ್ಕಿಂಗ್‌ನಲ್ಲಿ ಇರುವುದಿಲ್ಲ ಎಂದು ಇನ್ನೊಮ್ಮೆ. ಕಾರು ರಸ್ತೆಯಲ್ಲೇ ಕೆಟ್ಟು ವಾರವಿಡೀ ಗ್ಯಾರೇಜಿನಲ್ಲಿತ್ತು. ಕ್ಲಬ್ಬಿನೊಳಗಿನವರೇ ಯಾರೋ ಇರಬೇಕು ಎಂದರು ಯಜಮಾನರು. ಪೈಪು ಒಡೆಯುವುದು ಒಳಗಿನವರಿಗಾದರೂ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಅವರು ಉಪ್ಪಿಟ್ಟು ತಿನ್ನತೊಡಗಿದರು.

ನಮ್ಮ ಕಡೆ ಹೂಪ್ರಸಾದ ಕೇಳುವ ಪದ್ಧತಿ ಇದೆ. ಅಮ್ಮನ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಕಾಣೆಯಾಗಿದ್ದ ಪಾಸ್‌ಪೋರ್ಟ್ ಮನೆಯಲ್ಲೇ ಇದೆಯೇ ಎಂದು ನಾನು ಕೇಳಿದ್ದನ್ನೂ, ಬಲಗಡೆ ಆಗಿದ್ದನ್ನೂ, ಅದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿದ್ದನ್ನೂ ಯಜಮಾನರು ಆಫೀಸಿನಲ್ಲಿ ತಮಾಷೆಗೆ ಹೇಳಿದ್ದರಂತೆ. ಮ್ಯಾನೇಜರ್ ನಕ್ಕಿದ್ದರಂತೆ.

ಒಂದು ಶನಿವಾರ ಅವರನ್ನು ಊಟಕ್ಕೆ ಕರೆದಿದ್ದೆವು. ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಯಜಮಾನರು ಕಾಫಿಗೆಂದು ಅಡುಗೆಮನೆಗೆ ಹೋದಾಗ, ಕಪಾಟಿನ ಕಡೆ ನೋಡುತ್ತಾ, ಆ ಹೂವಿನದ್ದು ನನಗೂ ಕೇಳಬಹುದೇ ಎಂದರು. ಮುಖದಲ್ಲಿ ನಗುವಿರಲಿಲ್ಲ. ಅಮ್ಮನ ಹತ್ತಿರ ಬಂದು ಕೇಳುವವರನ್ನು ಇಲ್ಲ ಎನ್ನಲು ನಾನು ಯಾರು? ಕೈ ತೊಳೆದು ಬರಲು ಹೇಳಿದೆ. ಅವರ ಮುಂದೆ ಕುರ್ಚಿ ಎಳೆದೆ, ಅವರು ಬೇಡವೆಂದು ಕಾರ್ಪೆಟ್ ಮೇಲೆ ಮೊಣಕಾಲೂರಿ ಕೂತರು. ಬಿಳಿ ಸೇವಂತಿಗೆಯ ಎಸಳುಗಳನ್ನು ನೀರಲ್ಲಿ ಅದ್ದಿ ಅಂಟಿಸಿದೆ. ಬಲಕ್ಕಾದರೆ ಹೌದು, ಎಡಕ್ಕಾದರೆ ಇಲ್ಲ ಎಂದು ನನ್ನ ಇಂಗ್ಲಿಷಿನಲ್ಲಿ ತಿಳಿಸಿದೆ. ಮೆಲ್ಬರ್ನ್‌ಗೆ ಹೋಗಲೇ ಎಂದು ಅವರು ಮೆಲ್ಲಗೆ, ಎದುರಿಗಿರುವವರನ್ನು ಕೇಳುವ ಹಾಗೆ ಕೇಳಿದರು.

ಊರಿನಲ್ಲಿ ಒಮ್ಮೊಮ್ಮೆ ಗಂಟೆಗಟ್ಟಲೆ ಕಾದಿದ್ದೇವೆ. ಅವತ್ತು ಉಸಿರು ಬಿಡುವಷ್ಟು ಹೊತ್ತಿಲ್ಲ. ಒಂದು ಎಸಳು ಜಾರಲಿಲ್ಲ, ಯಾರೋ ಬೆರಳಿನಿಂದ ತಳ್ಳಿದ ಹಾಗೆ ಹಾರಿ ಹಲಗೆಯ ಅಂಚಿಗೆ ಬಿತ್ತು. ಕಿಟಕಿಗಳು ಮುಚ್ಚಿದ್ದವು, ಫ್ಯಾನ್ ಇರಲಿಲ್ಲ. ಅವರ ಮುಖ ಅರಳಿತು. ಬಲ, ಎಂದು ತಮ್ಮ ಬಲಗೈಯನ್ನು ಎತ್ತಿ ತೋರಿಸಿದರು.

ಅದು ಅವರ ಬಲ. ಎದುರು ಕೂತವರ ಬಲ ಅಮ್ಮನಿಗೆ ಎಡ. ಪ್ರಸಾದದಲ್ಲಿ ನೋಡಬೇಕಾದದ್ದು ಅಮ್ಮನ ಬಲವನ್ನು. ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿಯಾದ್ದರಿಂದ ಅದನ್ನು ಬಿಡಿಸಿ ಹೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಟೇಬಲ್ ಮೇಲಿನ ಆ ಕಾಗದ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಯಜಮಾನರು ಕಾಫಿ ತಂದರು. ಬಲಕ್ಕೆ ಬಿತ್ತು ಎಂದು ಮ್ಯಾನೇಜರ್ ಯಜಮಾನರ ಬೆನ್ನು ತಟ್ಟಿದರು. ಬುಧವಾರ ಕ್ಲಬ್ಬಿನವರಿಗೆ ತಿಳಿಸಿಬಿಡುತ್ತೇನೆ ಎಂದರು. ನಾನು ಲೋಟ ತೊಳೆಯಲು ಎದ್ದು ಹೋದೆ. ಗಂಡನಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಯಜಮಾನರು ಓದುವುದನ್ನು ನಿಲ್ಲಿಸಿದ್ದು ಗೊತ್ತಾಗಿ ತಿರುಗಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ನಿನ್ನೆ ಯಾರಿಗೆ ಫೋನ್ ಮಾಡಿದ್ದೆ?"

"ಯಾರಿಗೂ ಇಲ್ವಲ್ಲ."

"ಬಾ ಇಲ್ಲಿ. ಓದು."

ಗೆಸ್ಟ್ ಬರೆದಿದ್ದರು. ಅವನು ಆ ಹೆಂಗಸಿನ ದೇವಿಯನ್ನು ಕೇಳಿದ. ಹೂವು ಎಡಕ್ಕೆ ಬಿತ್ತು. ಅವನು ಬಲ ಎಂದುಕೊಂಡ. ಇಷ್ಟೇ.

ಕೈಯಲ್ಲಿದ್ದ ಸೌಟಿನಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಯಾರಿಗೋ ಹೇಳಿರಬೇಕು, ದೇವಸ್ಥಾನದಲ್ಲಿ ಸಿಗುವ ಆಂಟಿಯರಿಗೆ ಹೇಳಿರಬೇಕು ಎಂದು ಯಜಮಾನರು ಗಂಟಲೇರಿಸಿದರು.

"ರೀ, ನಾನು ಯಾರಿಗೆ ಹೇಳಲಿ? ನಿಮಗೇ ಹೇಳಿಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಬಿದ್ದಿದ್ದು ಎಡಕ್ಕಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅವತ್ತು ಮನೆಯಲ್ಲಿದ್ದವರು ಮೂರೇ ಜನ. ಒಬ್ಬರು ತಪ್ಪು ತಿಳಿದಿದ್ದರು, ಒಬ್ಬರು ನೋಡಿರಲಿಲ್ಲ. ನಿಜ ತಿಳಿದಿದ್ದವಳು ನಾನೊಬ್ಬಳೇ. ನನಗೆ ಆ ಯಂತ್ರದಲ್ಲಿ ನನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಯಜಮಾನರು ಅದನ್ನು ಡಿಲೀಟ್ ಮಾಡಿದರು. ದೋಸೆ ಯಾರಿಗೂ ಸೇರಲಿಲ್ಲ. ಮಧ್ಯಾಹ್ನ ನೋಡಿದರೆ ಅದೇ ಮೂರು ಸಾಲು ಅದೇ ಜಾಗದಲ್ಲಿತ್ತು. ಮತ್ತೆ ಅಳಿಸಿದರು, ಫೋನಿನ ವೈರನ್ನೇ ಗೋಡೆಯಿಂದ ಕಿತ್ತಿಟ್ಟರು. ಮ್ಯಾನೇಜರ್ ಕಂಪ್ಯೂಟರ್ ಮುಟ್ಟುವವರಲ್ಲ, ಬುಧವಾರದವರೆಗೆ ಆಫೀಸಿನಲ್ಲಿ ಹೀಗೇ ಅಳಿಸುತ್ತಾ ಹೋದರೆ ಆಯಿತು ಎಂದರು. ನನಗೆ ಸಮಾಧಾನ ಹೇಳಲು ಹೇಳಿದ್ದು, ಆದರೆ ವೈರನ್ನು ಮತ್ತೆ ಸಿಕ್ಕಿಸಲಿಲ್ಲ. ಸಂಜೆ ದೀಪ ಹಚ್ಚುವಾಗ ಅಮ್ಮನ ಮುಖ ನೋಡಲು ನನಗಾಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಬೇರೆ ಬಾಯಿ ಸಿಗುತ್ತದೆ ಎಂದು ತೋರಿಸಿದ ಹಾಗಿತ್ತು. ಯಾರು ಬರೆದರೆಂದು ಇಂದಿಗೂ ಗೊತ್ತಿಲ್ಲ. ಹೆದರಿಕೆ ಮಾತ್ರ ಗುರುತಿದೆ. ಬೆನ್ನ ಹಿಂದೆ ಕಪಾಟಿನ ಬಾಗಿಲು ತೆರೆದಿದ್ದರೆ ಅಡುಗೆ ಮಾಡಲಾಗುತ್ತಿರಲಿಲ್ಲ.

ಮಂಗಳವಾರ ಯಜಮಾನರಿಗೆ ಹೇಳಿಯೇ ಮ್ಯಾನೇಜರನ್ನು ಕಾಣಲು ಹೊರಟೆ. ಅವರು ತಡೆಯಲಿಲ್ಲ. ನಿನ್ನಿಷ್ಟ ಎಂದರು, ಆಮೇಲೆ ಟ್ರೇನ್ ಎಲ್ಲಿ ಬದಲಿಸಬೇಕೆಂದು ಚೀಟಿ ಬರೆದುಕೊಟ್ಟರು. ಅಂಥ ಗಂಡನನ್ನು ಕೊಟ್ಟದ್ದೂ ಅಮ್ಮನ ದಯೆಯೇ.

ಮ್ಯಾನೇಜರ್ ಖಾಲಿ ಗ್ಯಾಲರಿಯಲ್ಲಿ ಒಬ್ಬರೇ ಕೂತು, ಕೆಳಗೆ ಒಬ್ಬಾತ ಮೈದಾನದ ಮಣ್ಣನ್ನು ಸಮ ಮಾಡುವುದನ್ನು ನೋಡುತ್ತಿದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷೆಲ್ಲ ಮರೆತುಹೋಯಿತು. ಕೈ ತೋರಿಸಿ, ಎದುರುಬದುರು ನಿಂತು, ನಿಮ್ಮ ಬಲ ಇದು, ಅಮ್ಮನ ಬಲ ಅದು ಎಂದು ತಿಳಿಸಿದೆ. ಗೆಸ್ಟ್ ಬರೆದದ್ದನ್ನೂ ಹೇಳಿದೆ. ಅವರು ಮೊದಲು ನಕ್ಕರು. ಆ ಮಾತು ಹೊರಗೆ ಹೋಗಲು ದಾರಿಯೇ ಇರಲಿಲ್ಲ ಎಂದು ತಿಳಿದಾಗ ನಗು ನಿಂತಿತು.

"ನಾನು ಹೋದರೇ ನಿಮಗೆ ಒಳ್ಳೆಯದು, ಅದು ಗೊತ್ತು ತಾನೇ?" ಎಂದು ಕೇಳಿದರು.

"ಗೊತ್ತು ಸರ್. ಅದಕ್ಕೇ ಅವತ್ತು ಹೇಳಲಿಲ್ಲ."

ಅವರು ಎದ್ದು ಜೇಬಿನಿಂದ ಕಾರಿನ ಕೀ ತೆಗೆದರು. ನನ್ನನ್ನು ಸ್ಟೇಷನ್‌ವರೆಗೆ ಕಾರಿನಲ್ಲಿ ಬಿಟ್ಟರು. ಬುಧವಾರ, ಸಿಡ್ನಿಯಲ್ಲೇ ಉಳಿಯುವುದಾಗಿ ಕ್ಲಬ್ಬಿನವರಿಗೆ ತಿಳಿಸಿದರು.

ಅಭಿಮಾನಿಗಳ ಪುಟದಲ್ಲಿ ಅವತ್ತು ಹಬ್ಬ. ಗೆಸ್ಟ್ ಮಾತ್ರ ಮತ್ತೆ ಬರೆಯಲಿಲ್ಲ. ಚಳಿಗಾಲ ಬರುವ ಹೊತ್ತಿಗೆ, ಮ್ಯಾನೇಜರ್ ಮೊದಲೇ ಹೇಳಿದ್ದಂತೆ, ಯಜಮಾನರ ಕೆಲಸ ಹೋಯಿತು. ಸೂಟ್‌ಕೇಸ್ ಮತ್ತೆ ಕೆಳಗಿಳಿಯಿತು. ಆದರೆ ಊರಿಗೆ ಹೋಗಲಿಲ್ಲ. ಮೆಲ್ಬರ್ನ್‌ನ ಐಟಿ ಕಂಪನಿಯೊಂದು ಕರೆಯಿತು, ಅಲ್ಲಿಯ ವೆರಿಬೀ ಬಡಾವಣೆಯಲ್ಲಿ ಹಿತ್ತಲಿರುವ ಮನೆ ಸಿಕ್ಕಿತು, ಪಕ್ಕದ ಬೀದಿಯಲ್ಲೇ ಕನ್ನಡ ಮಾತಾಡುವವರಿದ್ದರು. ಎರಡು ವರ್ಷಕ್ಕೆ ಪಿಆರ್ ಕೂಡ ಬಂತು. ಒಂದೊಂದಕ್ಕೂ ಕೈ ಮುಗಿದಿದ್ದೇನೆ.

ಅದಕ್ಕೂ ಮೊದಲೇ, ನಾವು ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ, ಮ್ಯಾನೇಜರ್ ಬೇಡವೆಂದ ಆ ಕುರ್ಚಿಗೆ ಇಲ್ಲಿಯ ಕ್ಲಬ್ಬು ಇನ್ನೊಬ್ಬರನ್ನು ತಂದಿತು. ಅವರಿಗಿಂತ ಹತ್ತು ವರ್ಷ ಚಿಕ್ಕವರು, ಗಟ್ಟಿಮುಟ್ಟಾದ ಆಳು ಎಂದು ಯಜಮಾನರು ಓದಿ ಹೇಳಿದ್ದರು. ಮೂರನೇ ತಿಂಗಳಿನಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಬಂದು ಆಫೀಸಿನ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಆ ವಾರದಲ್ಲೇ ಸಿಡ್ನಿಯಿಂದ ಮ್ಯಾನೇಜರ್ ಫೋನ್ ಮಾಡಿದರು. ಯಜಮಾನರಿಗೆ ಇರಬೇಕೆಂದುಕೊಂಡು ಅವರು ಆಫೀಸಿನಲ್ಲಿದ್ದಾರೆ ಎಂದೆ. ನಿಮಗೇ ಮಾಡಿದ್ದು ಎಂದರು. ನನ್ನ ಹೆಂಡತಿ ನಿಮ್ಮನ್ನು ದಿನವೂ ನೆನೆಸುತ್ತಾಳೆ, ಅಂದು ನೀವು ಬಂದು ಹೇಳದಿದ್ದರೆ ಅಲ್ಲಿ ಕೂತಿರುತ್ತಿದ್ದವನು ನಾನು ಎಂದರು. ಹಾಗೆಲ್ಲ ಅನ್ನಬೇಡಿ, ಅವರವರ ಆಯುಸ್ಸು ಎಂದೆ. ಆಗ ಅವರು ಕೇಳಿದರು.

"ಅವನಿಗೋಸ್ಕರ ದೇವಿಯನ್ನು ಯಾರೂ ಕೇಳಿರಲಿಲ್ಲ, ಅಲ್ಲವೇ?"

"ಇಲ್ಲ ಸರ್," ಎಂದೆ. "ಯಾರೂ ಕೇಳಲಿಲ್ಲ."

ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆ ಸತ್ತವರಿಗೆ ಮಕ್ಕಳೆಷ್ಟು ಎಂದು ನಾನು ಕೇಳಿದೆ. ಇಬ್ಬರು ಹೆಣ್ಣುಮಕ್ಕಳು ಎಂದರು.