ಲೀಟರಿಗೆ ಹತ್ತೂವರೆ

ಪೂವಪ್ಪ ಗಾಡಿ ಓಡಿಸಲು ಕಲಿತದ್ದು ಸಾಂಬಾರಿನ ಸಹವಾಸದಲ್ಲಿ. ವಿಟ್ಲದ ಹತ್ತಿರದ ಊರಿನಿಂದ ಹದಿನೇಳನೆಯ ವಯಸ್ಸಿಗೆ ಠಾಣೆಗೆ ಬಂದವನು, ಸೋದರಮಾವನ ಪರಿಚಯದ ಮೇಲೆ ಒಬ್ಬ ಕ್ಯಾಂಟೀನ್ ಗುತ್ತಿಗೆದಾರರ ಅಡುಗೆಮನೆ ಸೇರಿದ್ದ. ಅಲ್ಲಿಂದ ಮೂರು ಕಾರ್ಖಾನೆಗಳಿಗೆ ಊಟ ಹೋಗುತ್ತಿತ್ತು. ಟೆಂಪೊದ ಹಿಂದೆ ಸಾಂಬಾರಿನ ನಾಲ್ಕು ದೊಡ್ಡ ಪಾತ್ರೆ. ಒಂದರ ಮುಚ್ಚಳವೂ ಸರಿಯಾಗಿ ಕೂರುತ್ತಿರಲಿಲ್ಲ. ಬ್ರೇಕು ಒತ್ತಿದರೂ ಚೆಲ್ಲುತ್ತಿತ್ತು, ಜೋರಾಗಿ ಹೊರಟರೂ ಚೆಲ್ಲುತ್ತಿತ್ತು. ಚೆಲ್ಲಿದ ದಿನ ಟೆಂಪೊ ತೊಳೆಯುವ ಕೆಲಸವೂ ಅವನದೇ. ಹಾಗಾಗಿ ದೂರದ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಕಾಲು ಸಡಿಲ ಬಿಡುವುದು, ಮುಂದಿನ ಬಸ್ಸು ನಿಲ್ಲುತ್ತದೆಂದು ಮೊದಲೇ ಊಹಿಸುವುದು, ಗೇರನ್ನು ನಿದ್ದೆಯಲ್ಲಿರುವ ಮಗುವಿನ ಹಾಗೆ ಎತ್ತಿ ಇಡುವುದು ಅವನಿಗೆ ಅಭ್ಯಾಸವಾಗಿ ಹೋಯಿತು. ಇದರಿಂದ ಡೀಸೆಲ್ ಉಳಿಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕ್ಯಾಂಟೀನು ಮುಚ್ಚಿದ ಮೇಲೆ, ಎರಡು ಸಾವಿರದ ಏಳರಲ್ಲಿ, ಅವನನ್ನು ಡೊಂಬಿವಲಿಯ ತಾರಾನಾಥರ ಹತ್ತಿರ ಕರೆದುಕೊಂಡು ಹೋದವನು ಅವರಲ್ಲೇ ಡ್ರೈವರ್ ಆಗಿದ್ದ ಮುಂಡಪ್ಪ. ಮುಂಡಪ್ಪ ಪುತ್ತೂರು ಕಡೆಯವನು, ಪೂವಪ್ಪನಿಗಿಂತ ಎಂಟು ವರ್ಷ ದೊಡ್ಡವನು, ದಿವಾದಲ್ಲಿ ಪೂವಪ್ಪ ಇದ್ದ ಚಾಳಿನದೇ ಕೊನೆಯ ಖೋಲಿಯಲ್ಲಿ ಇದ್ದವನು. ತಾರಾನಾಥರು ಜನರೇಟರ್ ಬಾಡಿಗೆಗೆ ಕೊಡುತ್ತಿದ್ದರು. ಆ ವರ್ಷಗಳಲ್ಲಿ ಡೊಂಬಿವಲಿ, ಕಲ್ಯಾಣದಲ್ಲಿ ಲೋಡ್‌ಶೆಡ್ಡಿಂಗ್ ಎಂದರೆ ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಇಲ್ಲ. ಮದುವೆ ಹಾಲ್, ಸಣ್ಣ ಕಾರ್ಖಾನೆ, ಘೋಡಬಂದರ್ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡಗಳು, ಎಲ್ಲರಿಗೂ ಜನರೇಟರ್ ಬೇಕಿತ್ತು. ಎರಡು ಚಕ್ರದ ಟ್ರಾಲಿಯ ಮೇಲೆ ಒಂದೂವರೆ ಟನ್ನಿನ ಯಂತ್ರ ಕೂರಿಸಿ, ಅದನ್ನು ಪಿಕಪ್ಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವುದು ಕೆಲಸ. ಎಂಐಡಿಸಿ ಕೈಗಾರಿಕಾ ಪ್ರದೇಶದ ಅವರ ಯಾರ್ಡಿನಲ್ಲಿ ಅಂಥ ಆರು ಪಿಕಪ್ಪುಗಳಿದ್ದವು, ಆರು ಟ್ರಾಲಿಗಳಿದ್ದವು.

ಪೂವಪ್ಪ ಬೆಳಿಗ್ಗೆ ಬಂದವನೇ ಗಾಡಿಯ ನಾಲ್ಕು ಟೈರು, ಟ್ರಾಲಿಯ ಎರಡು ಟೈರು ನೋಡುತ್ತಿದ್ದ. ಗಾಳಿ ಕಡಿಮೆ ಇದ್ದರೆ ಹಾಕಿಸದೆ ಹೊರಡುತ್ತಿರಲಿಲ್ಲ. ಜನರೇಟರಿಗೆ ಹೊದೆಸಿದ ತಾಡಪತ್ರೆ ಗಾಳಿಗೆ ಉಬ್ಬದ ಹಾಗೆ ಹಗ್ಗ ಬಿಗಿಯುತ್ತಿದ್ದ. ಹಿಂದಿನ ದಿನದ ಕೇಬಲ್ ಸುರುಳಿಗಳನ್ನು ಇಳಿಸಿ, ಆ ದಿನಕ್ಕೆ ಬೇಕಾದಷ್ಟನ್ನೇ ಹೇರಿಕೊಳ್ಳುತ್ತಿದ್ದ. ಶೀಲ್‌ಫಾಟಾ ಕೂಡುರಸ್ತೆಯ ಕಡೆ ಹೋಗುವ ದಿನ ಲಾರಿಗಳ ಸಾಲು ಕಟ್ಟುವ ಮೊದಲೇ ದಾಟಬೇಕೆಂದು ಅರ್ಧ ಗಂಟೆ ಬೇಗ ಹೊರಟು, ನಲವತ್ತೈದು ಐವತ್ತರ ವೇಗದಲ್ಲಿ ಹೋಗುತ್ತಿದ್ದ. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕೈ ತೋರಿಸಿ ದಾರಿ ಬಿಡುತ್ತಿದ್ದ.

ಎರಡು ಸಾವಿರದ ಹತ್ತರ ಫೆಬ್ರವರಿಯಲ್ಲಿ ಡೀಸೆಲ್ ದರ ಏರಿತು. ತಾರಾನಾಥರ ಅಕ್ಕನ ಮಗ ಅಕ್ಷಿತ್ ಆಗಷ್ಟೇ ಬಿಕಾಂ ಮುಗಿಸಿ ಆಫೀಸಿಗೆ ಬರತೊಡಗಿದ್ದ. ಅವನು ಆರು ತಿಂಗಳ ಪಂಪಿನ ಚೀಟಿಗಳನ್ನೂ ಗಾಡಿಗಳ ಕಿಲೋಮೀಟರುಗಳನ್ನೂ ಕಂಪ್ಯೂಟರಿಗೆ ಹಾಕಿದ. ಐದು ಗಾಡಿಗಳು ಟ್ರಾಲಿ ಎಳೆಯುವಾಗ ಲೀಟರಿಗೆ ಎಂಟು ಕಿಲೋಮೀಟರಿನ ಆಸುಪಾಸಿನಲ್ಲಿದ್ದವು. ಪೂವಪ್ಪನದು ಹತ್ತೂವರೆ.

ತಾರಾನಾಥರು ಅವನನ್ನು ಕರೆಸಿದರು.

“ಎಂತ ಮಾರಾಯ, ನೀನು ಗಾಡಿಗೆ ಡೀಸೆಲ್ ಹಾಕುದಾ, ನೀರು ಹಾಕುದಾ?”

“ಡೀಸೆಲೇ ಅಣ್ಣ. ಚೀಟಿ ಎಲ್ಲ ಉಂಟಲ್ಲ.”

“ಅದೇ ನೋಡಿ ಕೇಳಿದ್ದು. ಹೇಗೆ ಇಷ್ಟು ಬರ್ತದೆ?”

“ಮೆಲ್ಲ ಹೋಗ್ತೇನೆ” ಎಂದ ಪೂವಪ್ಪ.

ಮರುದಿನ ತಾರಾನಾಥರು ಎಲ್ಲ ಡ್ರೈವರುಗಳನ್ನೂ ಯಾರ್ಡಿನಲ್ಲಿ ನಿಲ್ಲಿಸಿ, ಪೂವಪ್ಪನ ಬೆನ್ನು ತಟ್ಟಿ, ಒಂದು ಕೈಗಡಿಯಾರ ಕೊಟ್ಟರು. ಆಮೇಲೆ ಹೇಳಿದರು: ಒಬ್ಬನಿಗೆ ಹತ್ತೂವರೆ ಬರುತ್ತದಾದರೆ ಉಳಿದವರಿಗೆ ಹತ್ತು ಬರಲೇಬೇಕು. ಒಂದನೇ ತಾರೀಖಿನಿಂದ ಹತ್ತರ ಲೆಕ್ಕದಲ್ಲಿ ಡೀಸೆಲ್. ಹೆಚ್ಚು ಬೇಕಾದವರು ತಮ್ಮ ಕೈಯಿಂದ ಹಾಕಿಸಿಕೊಳ್ಳಲಿ.

ಆ ಕ್ಷಣದಲ್ಲಿ ಪೂವಪ್ಪ ಏನೂ ಅನ್ನಲಿಲ್ಲ. ಅವನಿಗೆ ಹೆಮ್ಮೆಯಾಗಿತ್ತು. ಹದಿನೇಳು ವರ್ಷ ಈ ಊರಿನಲ್ಲಿ ಗಾಡಿ ಓಡಿಸಿದರೂ ನಾಲ್ಕು ಜನರ ಮುಂದೆ ಯಾರೂ ಅವನ ಹೆಸರು ಹೇಳಿ ಹೊಗಳಿರಲಿಲ್ಲ. ಸಂಜೆ ಗಡಿಯಾರವನ್ನು ಹೆಂಡತಿ ನಳಿನಾಕ್ಷಿಗೆ ತೋರಿಸಿದ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, “ಒಳ್ಳೇದುಂಟು” ಎಂದಳು. ಎಂಟನೆಯ ಕ್ಲಾಸಿನ ಮಗಳು ತೃಷಾ ಅಪ್ಪನ ಕೈಗೆ ತಾನೇ ಕಟ್ಟಿದಳು.

ಯಾರ್ಡಿನಲ್ಲಿ ವಾರದೊಳಗೆ ಗಾಳಿ ಬದಲಾಯಿತು. ಗೇಟಿನ ಪಕ್ಕ ಗುರಮ್ಮನ ಚಹಾದಂಗಡಿ ಇತ್ತು. ವಿಜಾಪುರ ಕಡೆಯ ಹೆಂಗಸು. ಡ್ರೈವರುಗಳೆಲ್ಲ ಅಲ್ಲೇ ಬೆಂಚಿನ ಮೇಲೆ ಕೂತು ಚಹಾ ಕುಡಿದು ಹೊರಡುತ್ತಿದ್ದರು. ಈಗ ಪೂವಪ್ಪ ಬಂದು ಕೂತರೆ ಉಳಿದವರು ಗ್ಲಾಸು ಇಟ್ಟು ಏಳುತ್ತಿದ್ದರು. ಮುಂಡಪ್ಪನೂ ಎದ್ದ ದಿನ ಗುರಮ್ಮ ಸ್ಟವ್ ಸಣ್ಣ ಮಾಡಿ ಕೇಳಿದಳು.

“ಪೂವಪ್ಪಣ್ಣಾರ, ನೀವು ಸಾಹೇಬರಿಗೆ ಇವರ ಮ್ಯಾಲೆ ಏನರೆ ಹೇಳೀರೇನ್ರಿ?”

“ನಾನೆಂತದೂ ಹೇಳ್ಲಿಲ್ಲಮ್ಮ.”

“ಹೇಳಿಲ್ಲಂದ್ರೂ ಅವರಿಗೆ ಹಂಗ ಅನಸ್ಯದ. ಡೀಸೆಲ್ ಕಳ್ಳರು ಅಂತ ಹೆಸರ ಬಂತಲ್ಲ, ಅದಕ್ಕ.”

ಐವರಲ್ಲಿ ಇಬ್ಬರು ಡೀಸೆಲ್ ತೆಗೆದು ಮಾರುತ್ತಿದ್ದದ್ದು ನಿಜ. ಅದು ಯಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಮುಂಡಪ್ಪ ಒಂದು ಹನಿಯನ್ನೂ ಮುಟ್ಟಿದವನಲ್ಲ. ಅದು ಪೂವಪ್ಪನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ದಿವಾ ಸ್ಟೇಷನ್ನಿನಿಂದ ಇಬ್ಬರೂ ಲೋಕಲ್ ರೈಲಿನ ಒಂದೇ ಡಬ್ಬಕ್ಕೆ ಹತ್ತುತ್ತಿದ್ದವರು. ಈಗ ಮುಂಡಪ್ಪ ಹಿಂದಿನ ಡಬ್ಬಕ್ಕೆ ಹೋಗಿ ಹತ್ತತೊಡಗಿದ. ಪೂವಪ್ಪ ಒಂದೆರಡು ಸಲ ಮಾತಾಡಿಸಲು ನೋಡಿ, ಆಮೇಲೆ ಸುಮ್ಮನಾದ. ತಾನು ತಪ್ಪು ಮಾಡಿಲ್ಲ, ತಾನೇಕೆ ಹಿಂದೆ ಹಿಂದೆ ಹೋಗಲಿ ಎಂಬ ಹಟವೂ ಅವನಲ್ಲಿ ಇತ್ತು.

ಏಪ್ರಿಲ್ ಮೂರನೆಯ ವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಕ್ಷಿತನ ಫೋನು ಬಂತು. ಮುಂಬ್ರಾ ಬೈಪಾಸಿನಲ್ಲಿ ಮುಂಡಪ್ಪನ ಗಾಡಿ ಗೋಡೆಗೆ ಬಡಿದಿದೆ, ಹತ್ತಿರ ಇದ್ದರೆ ಹೋಗಿ ನೋಡಿ ಎಂದ. ಪೂವಪ್ಪ ಕಳ್ವಾದಲ್ಲಿ ಜನರೇಟರ್ ಬಿಟ್ಟು ಖಾಲಿ ಗಾಡಿಯಲ್ಲಿ ಬರುತ್ತಿದ್ದ. ಹತ್ತೇ ನಿಮಿಷದಲ್ಲಿ ತಲುಪಿದ.

ರೇತಿಬಂದರ್ ಕಡೆಗೆ ರಸ್ತೆ ಇಳಿಯುವಲ್ಲಿ ಪಿಕಪ್ ಅಡ್ಡವಾಗಿ ನಿಂತಿತ್ತು. ಟ್ರಾಲಿ ಎಡಕ್ಕೆ ತಿರುಗಿ ರಸ್ತೆಬದಿಯ ಕಲ್ಲುಗೋಡೆಗೆ ಒರಗಿತ್ತು. ಬ್ರೇಕು ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಮುಂಡಪ್ಪ ರಸ್ತೆಯ ಬದಿಯಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಪೂವಪ್ಪ ಕ್ಯಾಬಿನ್ನಿನ ಒಳಗೆ ಕೈ ಹಾಕಿ ನೋಡಿದ. ಗೇರು ನ್ಯೂಟ್ರಲ್‌ನಲ್ಲಿತ್ತು.

ಇಳಿಜಾರಿನಲ್ಲಿ ಗಾಡಿ ಗೇರಿನಲ್ಲಿದ್ದರೆ ಇಂಜಿನ್ನೇ ಅರ್ಧ ಭಾರ ತಡೆಯುತ್ತದೆ. ನ್ಯೂಟ್ರಲ್ ಮಾಡಿದರೆ ಹಿಂದಿನ ಒಂದೂವರೆ ಟನ್ನು ದೂಡುತ್ತಾ ಬರುತ್ತದೆ. ತಡೆಯಲು ಬ್ರೇಕು ಬಿಟ್ಟು ಬೇರೇನೂ ಇಲ್ಲ. ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಇದು ಗೊತ್ತಿಲ್ಲದ್ದಲ್ಲ.

“ಎಂತಕ್ಕೆ ಮುಂಡಪ್ಪಣ್ಣ ಹೀಗೆ ಮಾಡಿದ್ದು?”

ಮುಂಡಪ್ಪ ಅವನ ಮುಖ ನೋಡಲಿಲ್ಲ. “ಹತ್ತು ಬರ್ಬೇಕಲ್ಲ” ಎಂದ.

ಪೂವಪ್ಪ ಅವನನ್ನು ತನ್ನ ಗಾಡಿಯಲ್ಲಿ ಕೂರಿಸಿ ಕಳ್ವಾದ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿ, ಮನೆಗೆ ಬಿಡಲು ಕರೆತಂದ. ಚಾಳಿನ ಮೆಟ್ಟಿಲ ಹತ್ತಿರ ಮುಂಡಪ್ಪ ನಿಂತು ಹೇಳಿದ, “ನೀನು ಅವತ್ತು ಒಂದು ಮಾತು ಹೇಳ್ಬಹುದಿತ್ತು ಪೂವಪ್ಪ. ಎಲ್ಲರ ಗಾಡಿ ಒಂದೇ ಥರ ಅಲ್ಲ ಅಂತ. ನೀನು ಗಡಿಯಾರ ಕಟ್ಟಿಕೊಂಡು ನಿಂತೆ.”

ರಾತ್ರಿ ಪೂವಪ್ಪ ನಡೆದದ್ದನ್ನೆಲ್ಲ ನಳಿನಾಕ್ಷಿಗೆ ಹೇಳಿದ.

“ಮುಂಡಪ್ಪಣ್ಣ ಹೇಳಿದ್ದರಲ್ಲಿ ತಪ್ಪೆಂತ ಉಂಟು?” ಎಂದಳು ನಳಿನಾಕ್ಷಿ. “ತಾರಾನಾಥಣ್ಣನ ಹತ್ತಿರ ಹೋಗಿ ಈಗ ಹೇಳಿ. ತಡ ಆಯ್ತು ಅಂತ ಬಿಡುದಾ?”

ಪುಸ್ತಕ ಹರವಿಕೊಂಡು ಕೂತಿದ್ದ ತೃಷಾ ತಲೆ ಎತ್ತಿ ಮರಾಠಿಯಲ್ಲಿ ಅಂದಳು, “ಪಪ್ಪಾ, ತುಮ್ಹೀ ಬೋಲಾ ನಾ ತ್ಯಾಂನಾ.” ನೀವೇ ಮಾತಾಡಿ ಅವರ ಹತ್ತಿರ ಎಂದು.

ಮರುದಿನ ಬೆಳಿಗ್ಗೆ ಪೂವಪ್ಪ ಆಫೀಸಿಗೆ ಹೋಗುವ ಮೊದಲು ಯಾರ್ಡಿಗೆ ಎಳೆದು ತಂದಿದ್ದ ಮುಂಡಪ್ಪನ ಟ್ರಾಲಿಯ ಹತ್ತಿರ ಹೋದ. ಜ್ಯಾಕ್ ಕೊಟ್ಟು ಒಂದೊಂದು ಚಕ್ರವನ್ನೂ ಎತ್ತಿ ಕೈಯಲ್ಲಿ ತಿರುಗಿಸಿದ. ಬಲಗಡೆಯದು ಸುಲಭವಾಗಿ ತಿರುಗಿತು. ಎಡಗಡೆಯದಕ್ಕೆ ಎರಡೂ ಕೈ ಕೊಟ್ಟು ಬಲ ಹಾಕಬೇಕಾಯಿತು. ಟ್ರಾಲಿಯ ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತುಬಿಟ್ಟಿತ್ತು. ಹಿಡಿಕೆ ಬಿಟ್ಟರೂ ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ. ಎಷ್ಟು ತಿಂಗಳಿಂದಲೋ ಮುಂಡಪ್ಪ ಬ್ರೇಕು ಹಿಡಿದ ಟ್ರಾಲಿಯನ್ನು ಎಳೆದುಕೊಂಡು ಠಾಣೆ, ಕಲ್ಯಾಣ, ಬೇಲಾಪುರ ತಿರುಗಿದ್ದ. ಇಳಿಜಾರಿನಲ್ಲಿ ಟ್ರಾಲಿ ಎಡಕ್ಕೇ ಏಕೆ ತಿರುಗಿತು ಎಂಬುದೂ ಪೂವಪ್ಪನಿಗೆ ಆಗ ಅರ್ಥವಾಯಿತು.

ಅವನು ತಾರಾನಾಥರನ್ನು ಅಲ್ಲಿಗೇ ಕರೆದುಕೊಂಡು ಬಂದ.

“ಅಣ್ಣ, ಇದನ್ನೊಮ್ಮೆ ತಿರುಗಿಸಿ ನೋಡಿ.”

ತಾರಾನಾಥರು ಅಂಗಿಯ ತೋಳು ಮಡಚಿ ತಿರುಗಿಸಲು ನೋಡಿದರು. ಚಕ್ರ ಅಲ್ಲಾಡಲಿಲ್ಲ.

“ಇದಕ್ಕೆ ಹತ್ತು ಹೇಗೆ ಬರ್ತದೆ? ನಾನು ಓಡಿಸಿದ್ರೂ ಬರುದಿಲ್ಲ” ಎಂದ ಪೂವಪ್ಪ. “ನನ್ನ ಗಾಡಿ ಹೊಸತು. ನಾನು ಹೆಚ್ಚು ಹೋಗುದು ಕಲ್ಯಾಣಕ್ಕೆ, ಸಮ ರಸ್ತೆ. ಇವರಿಗೆ ಬೈಪಾಸ್, ಗಾಯ್‌ಮುಖದ ಏರು. ನನ್ನ ಲೆಕ್ಕ ಇವರಿಗೆ ಹಾಕ್ಬೇಡಿ.”

“ಹಾಗಾದ್ರೆ ಡೀಸೆಲ್ ಮಾರುವವರನ್ನು ನಾನು ಸುಮ್ಮನೆ ಬಿಡ್ಬೇಕಾ?”

“ಬಿಡಿ ಅಂತ ಹೇಳುದಿಲ್ಲ. ಒಂದೊಂದು ಗಾಡಿಯಲ್ಲಿ ನಾನು ಒಂದು ವಾರ ಜೊತೆಗೆ ಕೂತು ಹೋಗ್ತೇನೆ. ಅದಕ್ಕೆ ಎಷ್ಟು ಬರ್ತದೆ ನೋಡುವ. ಅದರದ್ದು ಅದಕ್ಕೆ.”

“ನಿನ್ನ ಗಾಡಿ ನಿಲ್ಲಿಸಿಯಾ?”

“ಹೌದು.”

ತಾರಾನಾಥರು ಆ ದಿನ ಒಪ್ಪಲಿಲ್ಲ. ಗಾಡಿ ರಿಪೇರಿಗೆ ಬಂದ ಮೆಕ್ಯಾನಿಕ್ಕು ಬೇರೆ ಎರಡು ಟ್ರಾಲಿಗಳ ಚಕ್ರಗಳೂ ಬಿಗಿ ಇವೆ, ವರ್ಷದಿಂದ ಬೇರಿಂಗಿಗೆ ಗ್ರೀಸ್ ಕಂಡಿಲ್ಲ ಎಂದ ಮೇಲೆ ಒಪ್ಪಿದರು. ಯಾರ್ಡಿನ ಟ್ರಾಲಿಗಳನ್ನು ನೋಡಿಸಬೇಕಾದವರು ತಾವೇ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಒಂದನೇ ತಾರೀಖಿನ ಕಟ್ಟಳೆ ಅಲ್ಲಿಗೇ ನಿಂತಿತು.

ಮೇ ತಿಂಗಳಿಡೀ ಪೂವಪ್ಪ ಬೇರೆಯವರ ಪಕ್ಕದ ಸೀಟಿನಲ್ಲಿ ಕೂತು ತಿರುಗಿದ. ಮೊದಲು ಹೋದದ್ದು ಜಯೇಶನ ಗಾಡಿಯಲ್ಲಿ. ಜಯೇಶ್ ಮೂವತ್ತರ ಒಳಗಿನವನು, ಮುಂದೆ ಇಪ್ಪತ್ತಡಿ ಖಾಲಿ ಕಂಡರೆ ಸಾಕು, ಆಕ್ಸಿಲರೇಟರ್ ತುಳಿದು ಮತ್ತೆ ಬ್ರೇಕು ಒತ್ತುವವನು. ಎರಡು ದಿನ ಪೂವಪ್ಪ ಒಂದೂ ಮಾತಾಡಲಿಲ್ಲ. ಮೂರನೆಯ ದಿನ ಜಯೇಶನೇ ಹಿಂದಿಯಲ್ಲಿ ಕೇಳಿದ, “ಬೋಲೋ ನಾ ಚಾಚಾ, ಕ್ಯಾ ಗಲತ್ ಹೈ?” ಏನು ತಪ್ಪೆಂದು ಹೇಳಿ ಎಂದು. ಆಗ ಪೂವಪ್ಪ ಮುಂದಿನ ಟ್ರಕ್ಕಿನ ಹಿಂದಿನ ಲೈಟು ನೋಡಬೇಡ, ಅದರ ಮುಂದಿನ ಗಾಡಿಯದನ್ನು ನೋಡು ಎಂದ. ಅಷ್ಟೇ ಹೇಳಿದ್ದು. ಗಾಳಿ, ಗ್ರೀಸು, ತಾಡಪತ್ರೆ, ನಿಂತಲ್ಲಿ ಇಂಜಿನ್ ಬಂದ್ ಮಾಡುವುದು, ಇದನ್ನೆಲ್ಲ ಅವನು ಹೇಳುವುದಕ್ಕಿಂತ ಮಾಡಿ ತೋರಿಸುತ್ತಿದ್ದ. ವಾರ ಮುಗಿಯುವಾಗ ಜಯೇಶನ ಗಾಡಿ ಒಂಬತ್ತೂಕಾಲು ಕೊಟ್ಟಿತು. ಡೀಸೆಲ್ ಮಾರುತ್ತಿದ್ದ ಇಬ್ಬರಲ್ಲಿ ಒಬ್ಬನು, ಪೂವಪ್ಪ ತನ್ನ ಗಾಡಿಗೆ ಬರುವ ಮೊದಲೇ, ಭಿವಂಡಿಯಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದ. ಇನ್ನೊಬ್ಬ ಉಳಿದ, ಮಾರುವುದನ್ನು ಬಿಟ್ಟ.

ಮುಂಡಪ್ಪ ಜೂನ್ ಕೊನೆಗೆ ಕೆಲಸಕ್ಕೆ ಬಂದ. ಟ್ರಾಲಿಗೆ ಹೊಸ ಕೇಬಲ್ ಹಾಕಿತ್ತು. ಪೂವಪ್ಪ ಜೊತೆಗೆ ಬರಲೇ ಎಂದು ಕೇಳಿದಾಗ, “ಬೇಡ. ನನಗೆ ಗಾಡಿ ಓಡಿಸ್ಲಿಕ್ಕೆ ಬರ್ತದೆ” ಎಂದ. ಪೂವಪ್ಪ ಒತ್ತಾಯ ಮಾಡಲಿಲ್ಲ. ಜುಲೈ ಕೊನೆಗೆ ಆ ಗಾಡಿ ಒಂಬತ್ತೂವರೆ ಕೊಟ್ಟಿತು, ಯಾರ ಪಾಠವೂ ಇಲ್ಲದೆ. ಅಕ್ಷಿತ್ ಆರು ಗಾಡಿಗಳಿಗೂ ಬೇರೆ ಬೇರೆ ಅಂಕಿ ಬರೆದು ಗೋಡೆಗೆ ಅಂಟಿಸಿದ. ಮುಂಡಪ್ಪ ಅದನ್ನು ನೋಡಿ ಹೊರಗೆ ಬಂದು, ಗುರಮ್ಮನ ಬೆಂಚಿನಲ್ಲಿ ಪೂವಪ್ಪ ಕೂತಲ್ಲೇ ಕೂತು ಚಹಾ ಕುಡಿದ. ಮಾತು ಮೊದಲಿನಷ್ಟು ಸಲೀಸಾಗಲು ಮತ್ತೆ ಒಂದು ಮಳೆಗಾಲ ಬೇಕಾಯಿತು.

ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಡೊಂಬಿವಲಿಯಲ್ಲಿ ಕರೆಂಟ್ ಹೋಗುವುದು ಅಪರೂಪವಾಯಿತು. ಬಾಡಿಗೆ ಕೇಳುವವರು ಕಡಿಮೆಯಾದರು. ತಾರಾನಾಥರು ಒಂದೊಂದಾಗಿ ಜನರೇಟರುಗಳನ್ನು ಮಾರಿದರು. ಪೂವಪ್ಪನಿಗೆ ತುರ್ಭೆಯಲ್ಲಿ ಹೋಟೆಲುಗಳಿಗೆ ತರಕಾರಿ ಕಳಿಸುವವರ ಹತ್ತಿರ ಕೆಲಸ ಸಿಕ್ಕಿತು. ಮುಂಡಪ್ಪ ಅಂಬರನಾಥದ ಒಂದು ಕಂಪೆನಿಯ ಸ್ಟಾಫ್ ಬಸ್ಸಿಗೆ ಹೋಗುವವನಿದ್ದ.

ಕೊನೆಯ ಜನರೇಟರನ್ನು ಘೋಡಬಂದರ್ ರಸ್ತೆಯ ಒಬ್ಬ ಬಿಲ್ಡರ್ ಕೊಂಡಿದ್ದ. ಅದನ್ನು ತಲುಪಿಸಲು ಇಬ್ಬರೂ ಹೋದರು. ಮುಂಡಪ್ಪ ಓಡಿಸಿದ, ಪೂವಪ್ಪ ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ಮುಂಡಪ್ಪ ತನ್ನ ಮಗಳು ಅನುಷ್ಕಾಗೆ ಬಂದ ಸಂಬಂಧದ ಬಗ್ಗೆ ಹೇಳಿದ. ಹುಡುಗ ಐರೋಳಿಯಲ್ಲಿ ಇದ್ದಾನೆ, ಮನೆಯಲ್ಲಿ ತುಳು ಮಾತಾಡುತ್ತಾರೆ, ಇವಳು ಮಾತ್ರ ಹಿಂದಿ ಬಿಟ್ಟು ಬಾಯಿ ತೆರೆಯುವುದಿಲ್ಲ ಎಂದು ನಕ್ಕ. ಟ್ರಾಲಿ ಬಿಚ್ಚಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು, ರಸ್ತೆಬದಿಯ ಹೋಟೆಲಿನಲ್ಲಿ ಊಟ ಮಾಡಿದರು.

ಹಿಂದೆ ಭಾರವಿಲ್ಲದ ಗಾಡಿ ಹಗುರವಾಗಿ ಓಡುತ್ತಿತ್ತು. ಮಧ್ಯಾಹ್ನದ ಬಿಸಿಲು, ಹೊಟ್ಟೆ ತುಂಬಿತ್ತು. ಮಾಜಿವಾಡಾ ಬರುವ ಮೊದಲೇ ಪೂವಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ಮುಂಡಪ್ಪ ರೇಡಿಯೊ ಸಣ್ಣ ಮಾಡಿ, ಡೊಂಬಿವಲಿ ಬರುವವರೆಗೂ ಅವನನ್ನು ಎಬ್ಬಿಸಲಿಲ್ಲ.